ಓನರ್ ಸಾಹೇಬರ ತೆಳ್ಳನೆಯ ವೈರಿಗೊಂದು ಅಭಿನಂದನೆ

ರಾಜಾಜಿನಗರದಿಂದ ಕೆಂಗೇರಿಯವರೆಗೆ, ಮೂವತ್ತು-ನಲವತ್ತು ಸೈಟಿನಲ್ಲಿ ನಾಲ್ಕು ಮಹಡಿ ಎಬ್ಬಿಸಿರುವ ಸಮಸ್ತ ಓನರ್ ಸಾಹೇಬರಿಗೆ ಬಾಡಿಗೆದಾರನ ಸಾಷ್ಟಾಂಗ ನಮಸ್ಕಾರಗಳು.

ಮೆಟ್ಟಿಲಿಗೆ ಗ್ರಾನೈಟು, ಹಾಲ್‌ಗೆ ಪಿಓಪಿ, ಗೇಟಿಗೆ ಚಿನ್ನದ ಬಣ್ಣ, ಎಲ್ಲಕ್ಕೂ ಕೈಬಿಚ್ಚಿ ಸುರಿದ ತಾವು ಉಳಿತಾಯ ಮಾಡಿದ್ದು ಒಂದೇ ಕಡೆ: ಬ್ಯಾಟರಿಯಿಂದ ಇನ್ವರ್ಟರಿಗೆ ಹೋಗುವ ವೈರಿನಲ್ಲಿ. ಕಣ್ಣಿಗೆ ಬೀಳದ ವಸ್ತುವಿಗೆ ದುಡ್ಡು ಯಾಕೆ ಸುರಿಯಬೇಕು, ಸರಿಯೇ.

ಬ್ಯಾಟರಿ ಆಗ್ನೇಯದ ಯುಟಿಲಿಟಿಯಲ್ಲಿದೆ, ಇನ್ವರ್ಟರ್ ಹಾಲ್‌ನಲ್ಲಿದೆ. ವಾಸ್ತು ಪಂಡಿತರು ದಿಕ್ಕು ನೋಡಿದರು, ದೂರ ನೋಡಲಿಲ್ಲ. ನಡುವೆ 5 ಮೀಟರ್; ಹೋಗಿ ಬರುವ ಎರಡೂ ವೈರು ಸೇರಿಸಿದರೆ 10. ಎಳೆದಿರುವುದು ಗೀಸರ್‌ಗೆ ತಂದು ಉಳಿದ 6 ಎಂಎಂ ವೈರು. 750 ವ್ಯಾಟ್ ಲೋಡಿಗೆ 230 ವೋಲ್ಟಿನ ಕಡೆ ಹರಿಯುವುದು ಮೂರು ಚಿಲ್ಲರೆ ಆಂಪಿಯರ್. ಅದೇ ಲೋಡಿಗೆ 12 ವೋಲ್ಟಿನ ಬ್ಯಾಟರಿ ಕಡೆ, ಇನ್ವರ್ಟರ್ ತಿನ್ನುವುದೂ ಸೇರಿ, 75 ಆಂಪಿಯರ್ ಬೇಕು. ಈ 6 ಎಂಎಂ ತಾಮ್ರದಲ್ಲಿ ಅಷ್ಟು ಕರೆಂಟು ಹರಿದರೆ ದಾರಿಯಲ್ಲೇ 2 ವೋಲ್ಟಿಗಿಂತ ಹೆಚ್ಚು ಸೋರಿಹೋಗುತ್ತದೆ, ಸುಮಾರು 160 ವ್ಯಾಟ್ ಗೋಡೆಯೊಳಗೇ ಬಿಸಿಯಾಗುತ್ತದೆ. ಚಳಿಗಾಲದಲ್ಲಿ ಗೋಡೆಗೆ ಬೆನ್ನು ಕೊಟ್ಟು ಕೂರಬಹುದು. ಈ ಸೌಕರ್ಯಕ್ಕೆ ತಾವು ಬಾಡಿಗೆ ಏರಿಸದಿರುವುದು ದೊಡ್ಡತನ.

ಇನ್ನೊಂದು ಚಮತ್ಕಾರವಿದೆ. ಬ್ಯಾಟರಿ ತುಂಬಿದ್ದರೂ ಇನ್ವರ್ಟರಿಗೆ ಮುಟ್ಟುವುದು 10 ವೋಲ್ಟಿನ ಆಸುಪಾಸು, ಹಾಗಾಗಿ ಅದು 'ಲೋ ಬ್ಯಾಟರಿ' ಎಂದು ಕೂಗುತ್ತದೆ. ತಾವು ಹೊಸ ಬ್ಯಾಟರಿ ತರಿಸುತ್ತೀರಿ. ಅದೂ ಕೂಗುತ್ತದೆ. ವೈರು ಮಾತ್ರ ನಿರಪರಾಧಿ!

ತಂತಿ ದೂರ ಹೋಗಬೇಕಾದರೆ ವೋಲ್ಟೇಜು ಏರಿಸಿ ಕರೆಂಟು ಇಳಿಸಬೇಕೆಂಬುದು ಈ ನಾಡಿಗೆ ಹೊಸದೇನಲ್ಲ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಒಯ್ದವರು ಸಾವಿರಾರು ವೋಲ್ಟಿಗೆ ಏರಿಸಿಯೇ ಒಯ್ದರು. 1905ರಲ್ಲಿ ಬೆಂಗಳೂರಿಗೂ ಹಾಗೇ ಬಂತು. ನಮ್ಮ ಬಿಲ್ಡಿಂಗಿಗೆ ಆ ಪಾಠ ಇನ್ನೂ ಬಂದಿಲ್ಲ. ಉದ್ದ ಬೇಕಿದ್ದರೆ 230ರ ಕಡೆ ಎಳೆಯಿರಿ ಸಾರ್. ಬ್ಯಾಟರಿ ಕಡೆ ಒಂದು ಮೀಟರ್ ಒಳಗೆ, 25 ಎಂಎಂ ತಾಮ್ರ, ತುದಿಗೆ ಕ್ರಿಂಪ್ ಮಾಡಿದ ಲಗ್ ಸಾಕು. ಎಳೆ ತಿರುಚಿ ಟೇಪು ಸುತ್ತಿದ್ದಕ್ಕೆ ಜಾಯಿಂಟು ಅನ್ನುವುದಿಲ್ಲ.

ಇನ್ನು ಫ್ಯೂಸ್. 'ಪದೇ ಪದೇ ಹೋಗ್ತಿತ್ತು, ತೆಗೆಸಿಬಿಟ್ಟೆ' ಎಂದಿರಿ. ಕಾವಲುಗಾರ ಬೊಗಳುತ್ತಾನೆಂದು ಕೆಲಸದಿಂದ ತೆಗೆದ ಹಾಗಾಯಿತು. ಫ್ಯೂಸ್ ಇರುವುದು ಇನ್ವರ್ಟರ್ ಕಾಯಲಿಕ್ಕಲ್ಲ, ವೈರು ಕಾಯಲಿಕ್ಕೆ. ಅದಕ್ಕೇ ಬ್ಯಾಟರಿಯ ಪಾಸಿಟಿವ್ ತುದಿಯಿಂದ ಗೇಣುದ್ದದೊಳಗೆ ಕೂರಬೇಕು, ವೈರು ತಾಳುವುದಕ್ಕಿಂತ ಕಡಿಮೆಯಲ್ಲೇ ಕರಗಬೇಕು. 150 ಎಎಚ್ ಟ್ಯೂಬುಲರ್ ಬ್ಯಾಟರಿ ಶಾರ್ಟ್ ಆದರೆ ಸಾವಿರಾರು ಆಂಪಿಯರ್ ಉಗುಳುತ್ತದೆ. ಅದರ ಮುಂದೆ ತಾವು ಫ್ಯೂಸಿನ ಜಾಗಕ್ಕೆ ಮಡಚಿ ಸಿಕ್ಕಿಸಿರುವ ತಾಮ್ರದ ಎಳೆಗಳು ಗಟ್ಟಿಯಾಗಿ ನಿಲ್ಲುತ್ತವೆ, ಕರಗುವುದು ವೈರು. ಪಕ್ಕದ ಬೀದಿಯ ಓನರ್, ಫ್ಯೂಸ್ ಬದಲಿಗೆ ಮನೆಯ ಹಳೇ ಏಸಿ ಎಂಸಿಬಿ ಹಾಕಿಸಿದ್ದಾರಂತೆ, ಭೇಷ್. ಏಸಿ ಸೆಕೆಂಡಿಗೆ 100 ಸಲ ಸೊನ್ನೆಗಿಳಿಯುವುದರಿಂದ ಅದರಲ್ಲಿ ಕಿಡಿ ಆರುತ್ತದೆ. ಡಿಸಿ ಇಳಿಯುವುದೇ ಇಲ್ಲ. ಡಿಸಿಗೆಂದೇ ಬರೆದ ಫ್ಯೂಸ್ ಅಂಗಡಿಯಲ್ಲಿ ಸಿಗುತ್ತದೆ, ಕೇಳಬೇಕಷ್ಟೆ.

ಖರ್ಚನ್ನು ಬೇಕಾದರೆ ನನ್ನ ಅಡ್ವಾನ್ಸಿನಲ್ಲೇ ಹಿಡಿದುಕೊಳ್ಳಿ. ಮನೆ ಬಿಡುವಾಗ ಪೇಂಟಿಂಗ್ ಅಂತ ಹೇಗೂ ಒಂದು ತಿಂಗಳ ಬಾಡಿಗೆ ಹಿಡಿಯುತ್ತೀರಲ್ಲ. ಯುಟಿಲಿಟಿ ಗೋಡೆ ಮಸಿಯಾದರೆ ಆ ಪೇಂಟಿಂಗ್ ಯಾರ ಲೆಕ್ಕಕ್ಕೆ ಎಂಬುದನ್ನು ಮುಂದಿನ ಅಗ್ರಿಮೆಂಟಿನಲ್ಲಿ ಸೇರಿಸಿ.

ಇತಿ ತಮ್ಮ ವಿಶ್ವಾಸಿ,
ಮೂರನೇ ಮಹಡಿ, ಹಿಂದುಗಡೆ ಮನೆ