ಮೇಷ್ಟ್ರ ಮನೆಗಣತಿ

2025ರ ದಸರಾ ರಜೆಯನ್ನು ಅಕ್ಟೋಬರ್ 18ರವರೆಗೆ ಹಿಗ್ಗಿಸಿದರು. ಹಿಗ್ಗಿದ್ದು ಮಕ್ಕಳು ಮಾತ್ರ. ಸರ್ಕಾರಿ ಶಾಲೆಯ ಮೇಷ್ಟ್ರುಗಳು ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆಯ 60 ಪ್ರಶ್ನೆಗಳನ್ನು ಮೊಬೈಲಿನಲ್ಲಿ ಹೊತ್ತು ಬೀದಿ ಬೀದಿ ಅಲೆದರು. ನಮ್ಮ ಪಕ್ಕದ ಮನೆ ಮೇಷ್ಟ್ರ ಪಟ್ಟಿಯಲ್ಲಿ ಅವರ ಮನೆಯೇ ಬಂದುಬಿಟ್ಟಿತು. ನಾನು ಕದ್ದು ಕೇಳಿದ್ದಲ್ಲ. ಹಿಂದಿನ ಬೆಂಚಿಗೂ ಕೇಳಿಸುವಂತೆ ಮಾತಾಡಿ ರೂಢಿಯಾದವರಿಗೆ ಗೋಡೆ ಯಾವ ಲೆಕ್ಕ?

"ಲೇ, ಒಲೆ ಆರಿಸಿ ಬಾ. ಗಂಡ ಅಂತ ನೋಡ್ಬೇಡ, ಗಣತಿದಾರ ಅಂತ ತಿಳ್ಕೊ. ಹಾಂ, ನೆಟ್‌ವರ್ಕ್ ಬಂತು... ಹೋಯ್ತು. ನಡಿ, ಹಿತ್ತಲಿಗೆ ಹೋಗೋಣ.

ಮನೆ ಮುಖ್ಯಸ್ಥರು? ನಾನೇ. ಅದರಲ್ಲಿ ನಗೋದೇನಿದೆ? ಓಟಿಪಿ ನನ್ನ ಫೋನಿಗೆ ಬರುತ್ತೆ. ಫೋನೆಲ್ಲಿ? ಕೈಯಲ್ಲೇ ಇದೆ, ಗೊತ್ತು, ಬೆರಳು ತೋರಿಸ್ಬೇಡ.

ನಿನ್ನ ವಯಸ್ಸು? ನಲವತ್ತೇಳಾ? ನಾನು ನಲವತ್ನಾಲ್ಕು ಅಂದ್ಕೊಂಡಿದ್ದೆ. ಹೊಗಳಿದ್ದಲ್ಲ ಕಣೇ, ಲೆಕ್ಕ ತಪ್ಪಿತು. ನಮ್ಮ ಐದನೇ ಕ್ಲಾಸಿನ ಮಕ್ಕಳದ್ದು ಕೇಳು, ಹುಟ್ಟಿದ ತಾರೀಖು ಸಮೇತ ಹೇಳ್ತೀನಿ. ಯಾರು ಮೊಟ್ಟೆ ತಿಂತಾರೆ, ಯಾರಿಗೆ ಬಾಳೆಹಣ್ಣು, ಎಲ್ಲಾ ಬಾಯಿಪಾಠ. ನೀನು ಮೊಟ್ಟೆ ತಿಂತೀಯಲ್ಲ? ಬಿಟ್ಟುಬಿಟ್ಯಾ? ಯಾವಾಗ?

ಹೋಗ್ಲಿ. ವಿದ್ಯಾಭ್ಯಾಸ ಎಸ್ಸೆಸ್ಸೆಲ್ಸಿ... ಏನು? ಪಿಯುಸಿ, ಫಸ್ಟ್ ಕ್ಲಾಸಾ? ಮದುವೆಯಾಗಿ ಇಷ್ಟು ವರ್ಷಕ್ಕೆ ಈಗ ಹೇಳ್ತೀಯಲ್ಲೇ! ನಾನು ಕೇಳ್ಲಿಲ್ಲ, ಸರಿ. ನೀನಾದ್ರೂ ಕೈ ಎತ್ತಬೇಕಿತ್ತು.

ಮುಂದಿಂದು, ಓದು ಬಿಡಲು ಕಾರಣ. ಕೊಟ್ಟಿರೋದ್ರಲ್ಲೇ ಒಂದು ಆರಿಸ್ಬೇಕು. ನನ್ನ ಹೆಸರು ಹೇಳ್ಬೇಡ, ಇದರಲ್ಲಿ ಜಾಗ ಇಲ್ಲ..."

(ಇಲ್ಲಿ ಸ್ವಲ್ಪ ಹೊತ್ತು ಸದ್ದಿಲ್ಲ. ಸರ್ವರ್ ಡೌನ್ ಆಗಿರಬೇಕು ಅಂದುಕೊಂಡೆ.)

"ಅಲ್ವೇ, ಆ ಏಳನೇ ಕ್ಲಾಸಿನ ಹುಡುಗೀನ ಶಾಲೆ ಬಿಡಿಸಿದ್ರಲ್ಲ, ಅವಳಪ್ಪನ್ನ ನಮ್ಮ ಜಗಲಿ ಮೇಲೆ ಕೂರಿಸ್ಕೊಂಡು, ಹೆಣ್ಣುಮಕ್ಕಳ ಓದು ನಿಲ್ಲಿಸೋದು ಪಾಪ ಅಂತ ಗಂಟೆಗಟ್ಟಲೆ ಹೇಳಿದ್ನಲ್ಲ. ನೀನು ಕಾಫಿ ಲೋಟ ಹಿಡ್ಕೊಂಡು ಬಾಗಿಲಲ್ಲಿ ನಿಂತು ನಕ್ಕಿದ್ದು ಇದಕ್ಕಾ? ಅವಳು ವಾಪಸ್ ಬಂದ್ಲು, ಗೊತ್ತಾ. ಈಗ ಹೈಸ್ಕೂಲು. ಅದನ್ನಾದ್ರೂ ನನ್ನ ಲೆಕ್ಕಕ್ಕೆ ಹಾಕ್ಕೊ.

ಉದ್ಯೋಗ, ಗೃಹಿಣಿ. ಒತ್ತಿಬಿಟ್ಟೆ. ನನ್ನ ಪಾಠಯೋಜನೆ ಬರ್ಕೊಡೋದು, ಉತ್ತರ ಪತ್ರಿಕೆ ತಿದ್ದೋದು ಉದ್ಯೋಗ ಅಲ್ವಾ ಅಂತ ಕೇಳ್ತೀಯಾ? ಮೆಲ್ಲಗೆ ಹೇಳೇ, ಪಕ್ಕದ ಮನೆಯವರಿಗೆ ಕಿವಿ ಚುರುಕು. ಅಕ್ಷರ ದುಂಡಗಿದೆ ಅಂತ ಬಿಇಒ ಸಾಹೇಬ್ರು ಬೆನ್ನು ತಟ್ಟಿದ ದಿನ ನಿನಗೆ ಮೈಸೂರ್‌ಪಾಕ್ ತಂದ್ಕೊಡ್ಲಿಲ್ವಾ? ಕಾಲು ಕೆಜಿ!

ಎಲ್ಲಿಗೆ ಹೊರಟೆ? ಪಿರಿಯಡ್ ಮುಗಿದಿಲ್ಲ, ಇನ್ನೂ ಅರ್ಧ ಪ್ರಶ್ನೆ ಬಾಕಿ ಇವೆ! ಏನಂದೆ? ಉತ್ತರ ಹೇಳೋದು ಬಿಡೋದು ಜನರ ಇಷ್ಟ ಅಂತ ಹೈಕೋರ್ಟೇ ಹೇಳಿದೆಯಾ? ಅದನ್ನ ಮೊದಲೇ ತಿಳಿಸೋದು ಗಣತಿದಾರನ ಕೆಲಸವಾ?

ತಡಿ ತಡಿ. ನೀನು ಪೇಪರ್ ಓದ್ತೀಯಾ? ಯಾವಾಗಿಂದ?"