‘ಅಡ್ಜಸ್ಟ್’ ಧಾತು ಮೀಮಾಂಸೆ: ಪಂಚತಾಲ್ಲೂಕು ಪಾಠ

ಇಂಗ್ಲಿಷಿನಿಂದ ಬಂದು ಕನ್ನಡದ ‘ಮಾಡು’ವಿನ ಹೆಗಲೇರಿದ ಧಾತುಗಳಲ್ಲಿ ‘ಅಡ್ಜಸ್ಟ್’ ಅತ್ಯಂತ ಪ್ರೌಢವಾದದ್ದು. 13ನೇ ಶತಮಾನದ ಕೇಶಿರಾಜ ಶಬ್ದಮಣಿದರ್ಪಣದಲ್ಲಿ ಧಾತುಗಳಿಗೇ ಒಂದು ಪ್ರಕರಣ ಮೀಸಲಿಟ್ಟರೂ ಇದನ್ನು ಕಾಣಲಿಲ್ಲ. ಕಿಟೆಲ್ ಸಾಹೇಬರ ನಿಘಂಟು 1894ರಲ್ಲೇ ಅಚ್ಚಾಗಿಬಿಟ್ಟಿತು. ದೂರುವಂತಿಲ್ಲ, ಕೂಡ್ಲಿಗಿ–ಕೊಟ್ಟೂರು ಬಸ್ಸನ್ನು ಇಬ್ಬರೂ ಹತ್ತಿದವರಲ್ಲ. ಧಾತು ತಮ್ಮದೆಂದು ಬೆಂಗಳೂರಿನವರು ವಾದಿಸುವುದುಂಟು. ‘ಸ್ವಲ್ಪ’ದ ಊರುಗೋಲಿಲ್ಲದೆ ಅದನ್ನು ಆಡಲಾರದವರಿಗೆ ಇಲ್ಲಿ ಉತ್ತರಿಸುವ ಅಗತ್ಯ ಕಾಣದು.

ಮೂಲಸೂತ್ರ ಇದು: ಈ ಧಾತುವಿಗೆ ಉತ್ತಮ ಪುರುಷವಿಲ್ಲ. ‘ನಾನೇ ಮಾಡಿಕೊಳ್ಳುತ್ತೇನೆ’ ಎಂದು ತಾನಾಗಿ ಮುಂದೆ ಬಂದವರು ಕೂಡ್ಲಿಗಿ, ಕೊಟ್ಟೂರು, ಹರಪನಹಳ್ಳಿ, ಹಡಗಲಿ, ಹಗರಿಬೊಮ್ಮನಹಳ್ಳಿ ಈ ಐದು ತಾಲ್ಲೂಕಿನಲ್ಲೂ ಸಿಕ್ಕಿಲ್ಲ. ಮಧ್ಯಮ ಪುರುಷದ ವಿಧ್ಯರ್ಥವೇ ಇದರ ಸಹಜ ರೂಪ: ‘ಅಜೆಸ್ಟ್ ಮಾಡ್ಕಳ್ರಿ.’

ಪ್ರಯೋಗಕ್ಕೆ ಬಸ್ಸೇ ಬೇಕು. ಮೂವರ ಸೀಟಿಗೆ ಮೊದಲು ಬರುವುದು ಚೀಲ. ‘ಯಣ್ಣಾ, ಒಂಚೂರು ಅಜೆಸ್ಟ್ ಮಾಡ್ಕ.’ ಹಿಂದೆಯೇ ಸೀಟಿನ ತುದಿಗೆ ಅರ್ಧ ಕುಂಡೆ. ಕಂಡಕ್ಟರ್ ಟಿಕೆಟ್ ಕೊಟ್ಟು ಮುಂದೆ ಸರಿಯುವಷ್ಟರಲ್ಲಿ ಪೂರಾ ಮನುಷ್ಯ. ಕಿಟಕಿಯವನ ಭುಜ ಹೊರಗಿನ ಜಾಲಿಗಿಡ ಎಣಿಸತೊಡಗಿದರೆ ಕ್ರಿಯೆ ಪೂರ್ಣವಾಯಿತೆಂದು ತಿಳಿಯಬೇಕು. ಮಾಡಿಕೊಂಡವ ಒಬ್ಬ, ಕೂತವ ಇನ್ನೊಬ್ಬ. ಕರ್ತೃವಿಗೂ ಫಲಕ್ಕೂ ಇಷ್ಟು ದೂರವಿರುವ ಕ್ರಿಯಾಪದ ಸಂಸ್ಕೃತದಲ್ಲೂ ಇರಲಾರದು. ಕೊಟ್ಟೂರೇಶ್ವರನ ತೇರಿನ ದಿನಗಳಲ್ಲಿ ಇದು ಟಾಪ್ ಮೇಲಕ್ಕೂ ವ್ಯಾಪಿಸುತ್ತದೆ.

ಮದುವೆ ಪ್ರಕರಣದಲ್ಲಿ ‘ಹೋಗು’ ಸೇರುತ್ತದೆ: ‘ಅಜೆಸ್ಟ್ ಮಾಡ್ಕಂಡು ಹೋಗವ್ವಾ.’ ಕರ್ತೃ ನಿತ್ಯ ಸ್ತ್ರೀಲಿಂಗ. ‘ಹೋಗಪ್ಪಾ’ ಎಂಬ ಪಾಠಾಂತರ ಯಾವ ಹಂದರದಲ್ಲೂ ಲಭ್ಯವಿಲ್ಲ.

ಕರ್ಮಣಿ ಪ್ರಯೋಗಕ್ಕೆ ಹರಪನಹಳ್ಳಿಯನ್ನು ಮೀರಿಸುವ ಉದಾಹರಣೆ ಇಲ್ಲ. ಮದ್ರಾಸಿನ ಕೈಕೆಳಗಿದ್ದದ್ದು 1953ರಲ್ಲಿ ಬಳ್ಳಾರಿಯ ಸಂಗಡ ಮೈಸೂರಿಗೆ ಬಂತು. 1997ರಲ್ಲಿ ದಾವಣಗೆರೆಗೆ ಹೋಯಿತು. ಸಂವಿಧಾನದ 371(ಜೆ) ವಿಧಿಯ ಸವಲತ್ತಿಗೆ ಹೋರಾಡಿ 2018ರಲ್ಲಿ ಬಳ್ಳಾರಿಗೆ ಮರಳಿತು. ಚೀಲ ಇಳಿಸಿ ಉಸಿರು ಬಿಡುವುದರೊಳಗೆ, 2021ರಲ್ಲಿ, ವಿಜಯನಗರ ಜಿಲ್ಲೆಗೆ ಸೇರಿತು. ಊರು ಮಾತ್ರ ಇದ್ದಲ್ಲಿಂದ ಒಂದು ಗೇಣೂ ಕದಲಿಲ್ಲ. ಅಡ್ಜಸ್ಟ್ ಮಾಡಲ್ಪಟ್ಟಿತು, ಅಷ್ಟೆ. ಬೋರ್ಡ್ ಬರೆಯುವವರು ‘ಜಿ:’ ಎಂದು ಬರೆದು ಮುಂದಿನದನ್ನು ಸೀಮೆಸುಣ್ಣದಲ್ಲಿ ತುಂಬುವುದು ಒಳಿತೆಂದು ಪ್ರಸ್ತುತ ಲೇಖಕನ ಸಲಹೆ.

ಪ್ರಥಮ ಪುರುಷ ಹಡಗಲಿ ತಾಲ್ಲೂಕಿನದು. ಮೈಲಾರದಲ್ಲಿ ಗೊರವಯ್ಯ ಬಿಲ್ಲೇರಿ ಒಂದೇ ಸಾಲು ಕಾರಣಿಕ ನುಡಿಯುತ್ತಾನೆ. ಅವನು ಕೆಳಗೆ ಬರುವ ಮೊದಲೇ ರೈತ ಅದನ್ನು ಮಳೆಗೆ, ವ್ಯಾಪಾರಿ ದರಕ್ಕೆ, ಪುಢಾರಿ ಕುರ್ಚಿಗೆ ಅಡ್ಜಸ್ಟ್ ಮಾಡಿಕೊಂಡಿರುತ್ತಾರೆ. ಯಾರೂ ಯಾರನ್ನೂ ಕೇಳಿಕೊಳ್ಳಬೇಕಿಲ್ಲ.

ಇನ್ನು ಮೂಲಸೂತ್ರದ ಅಪವಾದ. ಕೊಟ್ಟೂರು, ಹಗರಿಬೊಮ್ಮನಹಳ್ಳಿ ಕಡೆಯ ದಲಾಲಿ ಅಂಗಡಿಯಲ್ಲಿ ಶೇಂಗಾ ಸುಗ್ಗಿಗೆ ಮಾತ್ರ ಇದು ಕೇಳಿಬರುತ್ತದೆ. ಪಟ್ಟಿಯಲ್ಲಿ ಹಮಾಲಿ ಕಳೆದು, ಗೊಬ್ಬರದ ಬಾಕಿ ಕಳೆದು, ಮಗಳ ಮದುವೆಗೆ ಕೊಟ್ಟ ಮುಂಗಡ ಕಳೆದು ಸಾವ್ಕಾರ ಅನ್ನುತ್ತಾನೆ: ‘ಎಲ್ಲಾ ನಾನೇ ಅಜೆಸ್ಟ್ ಮಾಡೀನಿ, ನೀನು ತಲಿ ಕೆಡಿಸ್ಕಬ್ಯಾಡ.’ ಉತ್ತಮ ಪುರುಷ, ಅದೂ ಭೂತಕಾಲದಲ್ಲಿ! ವೈಯಾಕರಣಿ ಪುಳಕಗೊಂಡು ಬರೆದುಕೊಳ್ಳುತ್ತಿರುವಾಗ ರೈತ ಪಟ್ಟಿ ತಿರುವಿ ನೋಡುತ್ತಾನೆ.

‘ಮತ್ತೆ ಮನಿಗೆ ಏನು ಒಯ್ಯಾಲಿ, ಸಾವ್ಕಾರ್ರೆ?’

‘ಈ ಸಲ ನೀನು ಒಂಚೂರು ಅಜೆಸ್ಟ್ ಮಾಡ್ಕ.’