ಪರವೂರಿನ ಟ್ರಾಫಿಕ್ ಜಾಮ್

ಮಗನ ಮನೆಗೆಂದು ಅಮೆರಿಕಕ್ಕೆ ಹೊರಟ ಅಪ್ಪ ಅಮ್ಮಂದಿರ ಸೂಟ್‌ಕೇಸಿನಲ್ಲಿ ಸಾರಿನಪುಡಿ, ಚಟ್ನಿಪುಡಿ, ಆರು ತಿಂಗಳಿಗಾಗುವಷ್ಟು ಬಿ.ಪಿ. ಮಾತ್ರೆ ಇರಲೇಬೇಕು. ನನ್ನದರಲ್ಲಿ ಪಂಚೆಯಲ್ಲಿ ಸುತ್ತಿದ ಪುಟ್ಟ ರೇಡಿಯೋ ಕೂಡ ಇರುತ್ತದೆ. "ಅಲ್ಲಿ ಇದ್ಯಾಕೆ?" ಎಂದು ನನ್ನವಳು ಕೇಳುವುದೂ ನಾನು ಉತ್ತರಿಸದೆ ಜಿಪ್ ಎಳೆಯುವುದೂ ಪ್ರಯಾಣದ ಶಾಸ್ತ್ರಗಳಲ್ಲಿ ಸೇರಿಹೋಗಿವೆ.

ಮಗ ಇರುವುದು ಓಹಾಯೋದ ಕೊಲಂಬಸ್‌ನಲ್ಲಿ. "ಅಪ್ಪಾ, ಆ್ಯಪ್ ಹಾಕ್ಕೊಡ್ತೀನಿ, ಪ್ರಪಂಚದ ಯಾವ ಸ್ಟೇಷನ್ ಬೇಕಾದ್ರೂ ಬರುತ್ತೆ" ಎನ್ನುತ್ತಾನೆ. ಬರುತ್ತದೆ, ನಿಜ. ಆದರೆ ಕರೆದ ಕೂಡಲೇ ಬರುವವರ ಬಗ್ಗೆ ನನಗೆ ಅಷ್ಟಾಗಿ ಗೌರವವಿಲ್ಲ. ಬುಧವಾರ ರಾತ್ರಿ ಬಿನಾಕಾ ಗೀತಮಾಲಾಕ್ಕಾಗಿ ರೇಡಿಯೋ ಸಿಲೋನಿನ ಬೆನ್ನು ಹತ್ತಿದವರು ನಾವು. ಅಮೀನ್ ಸಯಾನಿಯವರ ದನಿ ತೇಲುತ್ತಾ ಬಂದು, ಮೊದಲ ಸ್ಥಾನದ ಹಾಡು ಯಾವುದೆಂದು ಹೇಳುವ ಹೊತ್ತಿಗೆ ಸರಿಯಾಗಿ ಮುಳುಗುತ್ತಿತ್ತು.

ದೂರದ ಸ್ಟೇಷನ್ ಹಿಡಿಯಲು ಸೂರ್ಯನ ಅಪ್ಪಣೆ ಬೇಕು. ಹಗಲಲ್ಲಿ ವಾತಾವರಣದ ಎತ್ತರದಲ್ಲಿ ಹುಟ್ಟುವ 'ಡಿ' ಪದರ ಮೀಡಿಯಂ ವೇವ್ ಅಲೆಗಳನ್ನು ಹೀರಿಬಿಡುತ್ತದೆ. ಕತ್ತಲಾದ ಮೇಲೆ ಅದು ಕರಗಿ, ಅಲೆಗಳು ಇನ್ನೂ ಮೇಲಿನ ಪದರಕ್ಕೆ ತಾಗಿ ನೂರಾರು ಮೈಲಿ ಆಚೆ ಇಳಿಯುತ್ತವೆ. ಕೊಲಂಬಸ್‌ನಲ್ಲಿ ಜೂನ್ ತಿಂಗಳ ಸೂರ್ಯ ಮುಳುಗುವುದೇ ರಾತ್ರಿ ಒಂಬತ್ತಕ್ಕೆ. ಅಷ್ಟರಲ್ಲಿ ಮನೆಯವರದು ಊಟವಾಗಿ ಒಂದು ನಿದ್ದೆಯೂ ಶುರುವಾಗಿರುತ್ತದೆ.

ನಿದ್ದೆ ಮಾಡದಿರುವುದು ಮನೆಯ ಯಂತ್ರಗಳು ಮಾತ್ರ. ಪಾತ್ರೆ ತೊಳೆಯುವ ಮೆಷಿನ್ನು, ಚಾರ್ಜರುಗಳು, ಎಲ್‌ಇಡಿ ದೀಪಗಳು ಎಲ್ಲ ಸೇರಿ ರೇಡಿಯೋದೊಳಗೆ ಜೇನುಗೂಡು ಕಟ್ಟುತ್ತವೆ. ಹಾಗಾಗಿ ನಾನು ಮನೆಯ ಮುಂದೆ ನಿಂತ ಕಾರಿನಲ್ಲಿ ಹೋಗಿ ಕೂರುತ್ತೇನೆ. ಕಾರಿನ ರೇಡಿಯೋ ಎಎಮ್, ಅಂದರೆ ಈ ಮೀಡಿಯಂ ವೇವ್, ಹಿಡಿಯುವುದರಲ್ಲಿ ಗಟ್ಟಿಗ. ಒಂದು ರಾತ್ರಿ ನಾಯಿಯನ್ನು ಸುತ್ತಾಡಿಸುತ್ತಿದ್ದ ಪಕ್ಕದ ಮನೆಯಾಕೆ ಕಿಟಕಿಯಲ್ಲಿ ಇಣುಕಿ, ಕತ್ತಲಲ್ಲಿ ಒಬ್ಬನೇ ಕೂತ ಮುದುಕನನ್ನು ಕಂಡು ಮುಂದೆ ಹೋದರು. ಮರುದಿನ ಸೊಸೆಯನ್ನು ಕರೆದು, "ಮನೆಯಲ್ಲಿ ಎಲ್ಲ ಚೆನ್ನಾಗಿದ್ದೀರಾ?" ಎಂದು ತಗ್ಗಿದ ದನಿಯಲ್ಲಿ ವಿಚಾರಿಸಿದರಂತೆ.

ನಾವು ಚೆನ್ನಾಗಿಯೇ ಇದ್ದೆವು. 650 ಕಿಲೋಹರ್ಟ್ಸ್‌ನಲ್ಲಿ ನ್ಯಾಶ್‌ವಿಲ್‌ನ ಡಬ್ಲ್ಯುಎಸ್‌ಎಮ್ ಹಾಡುತ್ತಿತ್ತು. 1925ರಿಂದ ಗ್ರ್ಯಾಂಡ್ ಓಲ್ ಓಪ್ರಿ ಕಾರ್ಯಕ್ರಮದ ಹಳ್ಳಿಗಾಡಿನ ಸಂಗೀತವನ್ನು ಬಿತ್ತರಿಸುತ್ತಾ ಬಂದ ಸ್ಟೇಷನ್ ಅದು. 740ರಲ್ಲಿ ಟೊರಾಂಟೊ, 1030ರಲ್ಲಿ ಬಾಸ್ಟನ್. ಪ್ರತಿ ಗಂಟೆಯ ತುದಿಯಲ್ಲಿ ಅಮೆರಿಕದ ಸ್ಟೇಷನ್‌ಗಳು ತಮ್ಮ ಗುರುತಿನ ಅಕ್ಷರ, ಊರು ಹೇಳಲೇಬೇಕೆಂಬ ಕಾನೂನಿದೆ. ಮಿಸಿಸಿಪಿ ನದಿಯ ಪೂರ್ವಕ್ಕಾದರೆ ಹೆಸರು ಸಾಮಾನ್ಯವಾಗಿ 'ಡಬ್ಲ್ಯು'ವಿನಿಂದ ಶುರು, ಪಶ್ಚಿಮಕ್ಕಾದರೆ 'ಕೆ'ಯಿಂದ. ಐವತ್ತೊಂಬತ್ತು ನಿಮಿಷ ಸ್ಪಷ್ಟವಾಗಿ ಮಾತಾಡಿದ ಸ್ಟೇಷನ್ ಹೆಸರು ಹೇಳುವ ನಿಮಿಷಕ್ಕೇ ಗೊರಗುಟ್ಟುವುದೇಕೆ ಎಂದು ಯಾವ ಭೌತಶಾಸ್ತ್ರವೂ ಹೇಳಿಲ್ಲ.

ನನಗೆ ಹೆಚ್ಚು ಪ್ರಿಯವಾದದ್ದು 780ರ ಶಿಕಾಗೋ. ಅಲ್ಲಿ ಹತ್ತು ನಿಮಿಷಕ್ಕೊಮ್ಮೆ ಟ್ರಾಫಿಕ್ ವರದಿ. ಕೆನಡಿ ಎಕ್ಸ್‌ಪ್ರೆಸ್‌ವೇನಲ್ಲಿ ವಾಹನಗಳು ತೆವಳುತ್ತಿವೆ, ಡ್ಯಾನ್ ರಯಾನ್ ರಸ್ತೆ ಪರವಾಗಿಲ್ಲ. ಬೆಂಗಳೂರಿನ ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಬೆಂದ ಜೀವಕ್ಕೆ, ತಾನು ಸಿಕ್ಕಿಕೊಂಡಿರದ ಜಾಮಿನ ಸುದ್ದಿಯಷ್ಟು ತಂಪು ಇನ್ನಾವುದು? ಶಿಕಾಗೋವನ್ನು ಮಗ ತೋರಿಸಿದ್ದಾನೆ. ಎತ್ತರದ ಕಟ್ಟಡ, ಸರೋವರ, ಫೋಟೊ ಎಲ್ಲ ಆಗಿದೆ. ಅದು ಅತಿಥಿಗೆಂದು ಸಿಂಗರಿಸಿಕೊಂಡ ಊರು. ರಾತ್ರಿ ರೇಡಿಯೋದಲ್ಲಿ ಸಿಗುವುದು ತನ್ನವರೊಡನೆ ಮಾತಾಡುವ ಊರು. ನಾನು ಕೇಳುತ್ತಿರುವುದು ಅದಕ್ಕೆ ಗೊತ್ತೇ ಇಲ್ಲ. ಪರರ ಮಾತು ಕದ್ದು ಕೇಳುವುದು ತಪ್ಪೆಂದು ಹಿರಿಯರು ಹೇಳಿದ್ದು ಮನುಷ್ಯರ ವಿಷಯದಲ್ಲಿ. ಊರುಗಳ ವಿಷಯದಲ್ಲಿ ಅಡ್ಡಿಯಿಲ್ಲ.

ಆದ್ದರಿಂದ ಹೊರಡುವವರಿಗೆ ಒಂದೆರಡು ಮಾತು. ನಮ್ಮಲ್ಲಿ ಸ್ಟೇಷನ್‌ಗಳ ನಡುವೆ 9 ಕಿಲೋಹರ್ಟ್ಸ್ ಅಂತರ, ಬೆಂಗಳೂರು ಆಕಾಶವಾಣಿಯ 612 ಒಂಬತ್ತರ ಮಗ್ಗಿಯಲ್ಲೇ ಬರುತ್ತದೆ. ಅಮೆರಿಕದಲ್ಲಿ ಅಂತರ 10. ಡಿಜಿಟಲ್ ಸೆಟ್ಟಾದರೆ ಅದನ್ನು ಬದಲಿಸುವ ಸೌಲಭ್ಯವಿದೆಯೇ ನೋಡಿಕೊಳ್ಳಿ. ಮಗ ಹೊಸ ಕಾರು ಕೊಳ್ಳುವ ಯೋಚನೆಯಲ್ಲಿದ್ದರೆ ಎಎಮ್ ಉಂಟೇ ಎಂದು ಮೊದಲೇ ಕೇಳಿ. ಮೋಟಾರಿನ ಗದ್ದಲಕ್ಕೆ ಹೆದರಿ ಕೆಲವು ಬ್ಯಾಟರಿ ಕಾರುಗಳವರು ಅದನ್ನು ಕೈಬಿಟ್ಟಿದ್ದಾರೆ.